ಲಾಖಿಯ ಸಾದಾ ಮುಖ

ಬಾಣೀಘಾಟಿನ ಟಂಕಸಾಲೆಯಲ್ಲಿ ಮೂವತ್ತಾರು ವರ್ಷ ದುಡಿದ ನಿಶಾಕರ ಆಢ್ಯನಿಗೆ ನೌಕರಿಯಲ್ಲಿದ್ದಾಗ ಸಿಗದ ಮರ್ಯಾದೆ ನಿವೃತ್ತಿಯಾದ ಮೇಲೆ ಸಿಕ್ಕಿತು. ಆಗ ಅವನ ಕೆಲಸ ಕೆಟ್ಟ ನಾಣ್ಯಗಳನ್ನು ಆರಿಸಿ ಕೆಂಪು ಡಬ್ಬಕ್ಕೆ ಎಸೆಯುವುದು. ಈಗಲೂ ನೋಡುವುದು ಕೆಟ್ಟ ನಾಣ್ಯಗಳನ್ನೇ, ಆದರೆ ಮಖಮಲ್ಲಿನ ಮೇಲಿಟ್ಟು ನೋಡುತ್ತಾನೆ, ನೋಡಿದ್ದಕ್ಕೆ ಐನೂರು ರೂಪಾಯಿ ತೆಗೆದುಕೊಳ್ಳುತ್ತಾನೆ. ಜನರ ಹುಚ್ಚಿಗೆ ಮದ್ದಿಲ್ಲ. ಸರಿಯಾಗಿ ಅಚ್ಚಾದ ನಾಣ್ಯ ಅವರಿಗೆ ಬೇಡ. ನಡು ತಪ್ಪಿದ್ದು, ಅರ್ಧ ಬೋಳಾಗಿ ಉಳಿದದ್ದು, ಅಂಚು ಕಚ್ಚಿಹೋದದ್ದು, ಎರಡೆರಡು ಏಟು ತಿಂದದ್ದು, ಇಂಥವಕ್ಕೆ ಹಣ ಸುರಿಯುತ್ತಾರೆ. ಅದೇ ಊನ ಒಬ್ಬ ಹುಡುಗಿಯಲ್ಲಿ ಕಂಡರೆ ಮಾತ್ರ ಹೆಣ್ಣು ನೋಡಲು ಬಂದವರು ತಟ್ಟೆಯ ಸಂದೇಶ್ ಮಿಠಾಯಿ ಮುಟ್ಟದೆ ಎದ್ದುಹೋಗುತ್ತಾರೆ.

ಕೋಲ್ಕತ್ತದ ಹರಾಜಿನವರಿಗೆ ಆಢ್ಯನ ಚೀಟಿಯೆಂದರೆ ವೇದವಾಕ್ಯ. ನಾಣ್ಯದಲ್ಲಿ ತಪ್ಪಾದದ್ದು ಟಂಕಸಾಲೆಯ ಯಂತ್ರದಿಂದಲೋ, ಯಾವನೋ ಹಿತ್ತಲಲ್ಲಿ ಸುತ್ತಿಗೆ ಹಿಡಿದು ಕೂತವನಿಂದಲೋ ಎಂದು ಅವನು ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳುತ್ತಿದ್ದ. ಕೊನೆಯ ಸಾಲಿನಲ್ಲಿ 'ಬಜಾರು ಕಂಡಿದೆ' ಅಥವಾ 'ಬಜಾರು ಕಂಡಿಲ್ಲ' ಎಂದು ಬರೆಯುತ್ತಿದ್ದ. ಜನರ ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯ ಬಜಾರು ಕಂಡದ್ದು. ಯಂತ್ರದಿಂದ ಇಳಿದ ಹಾಗೇ ಉಳಿದದ್ದು ಬಜಾರು ಕಾಣದ್ದು. ಬೆಲೆಯೆಲ್ಲ ನಿಲ್ಲುವುದು ಆ ಒಂದು ಸಾಲಿನ ಮೇಲೆ. ಈ ಚೀಟಿಗಳ ಆದಾಯದಲ್ಲಿ ಅವನು ಮುಂಬಾಗಿಲ ಕೋಣೆಗೆ ಅಮೃತಶಿಲೆ ಹಾಸಿಸಿದ್ದ, ಬ್ಯಾಂಕಿನಲ್ಲಿ ಒಂಬತ್ತು ಲಕ್ಷ ಇಟ್ಟಿದ್ದ.

ಚೈತ್ರದ ಕೊನೆಯ ವಾರ, ಒಂದು ಬೆಳಿಗ್ಗೆ. ಹೆಂಡತಿ ಮಗಳ ಮನೆಗೆ ಹೋಗಿದ್ದಳು. ಮೊಬೈಲಿನಲ್ಲಿ ಏನೋ ನೋಡಿಕೊಂಡು ಐದು ರೂಪಾಯಿಯ ಬಿಲ್ಲೆಗೆ ಐದು ಲಕ್ಷ ಕೇಳಲು ಬಂದಿದ್ದವನೊಬ್ಬನನ್ನು, "ಇದಕ್ಕೆ ಎರಡು ಟೊಮೇಟೊ ಬರುತ್ತೆ, ಅದೂ ಮಾಗಿದ್ದಲ್ಲ" ಎಂದು ಸಾಗಹಾಕಿ ನಿಶಾಕರ ಚಹಾ ಕುಡಿಯುತ್ತಿದ್ದ. ಗೇಟಿನಲ್ಲಿ ಹೆಂಗಸಿನ ದನಿ ಕೇಳಿಸಿತು.

"ಆಢ್ಯಬಾಬು ಇದ್ದಾರಾ? ಅಥವಾ ಇವತ್ತೂ ಮನೇಲಿಲ್ವಾ?"

ದನಿಯ ಗುರುತು ಹತ್ತಿದ್ದೇ ಚಹಾ ನೆತ್ತಿಗೇರಿತು. ಅತಸಿ, ಗೋಷ್ಠ ಧಾಡಾನ ಹೆಂಡತಿ. ಗೋಷ್ಠ ಸತ್ತು ನಾಲ್ಕು ವರ್ಷವಾಗಿತ್ತು. ನಿಶಾಕರ ಮಣ್ಣಿಗೆ ಹೋಗಿರಲಿಲ್ಲ. ಒಂದು ಕಾಲದಲ್ಲಿ ಅವನು ಇವಳನ್ನು ಬೌದಿ ಬೌದಿ ಎಂದು ಸ್ವಂತ ಅತ್ತಿಗೆಯ ಹಾಗೆ ಕರೆಯುತ್ತಿದ್ದ, ಸರಸ್ವತಿ ಪೂಜೆಯ ದಿನ ಇವಳ ಕೈಯ ಖಿಚಡಿಯನ್ನು ಮೂರು ಸಲ ಬಡಿಸಿಕೊಂಡು ತಿನ್ನುತ್ತಿದ್ದ. ಅವಳೂ ಮೈದುನನನ್ನು ಛೇಡಿಸುವ ಹಾಗೆ ಅವನನ್ನು ಛೇಡಿಸುತ್ತಿದ್ದಳು. ಈಗ ಆಢ್ಯಬಾಬು ಎನ್ನುತ್ತಿದ್ದಾಳೆ.

"ಬನ್ನಿ ಬೌದಿ, ಕೂತ್ಕೊಳಿ. ಚಹಾ..."

"ಚಹಾ ಕುಡಿದೇ ಬಂದೆ." ಅವಳು ಚಪ್ಪಲಿ ಬಿಟ್ಟು ಅಮೃತಶಿಲೆಯ ಮೇಲೆ ಕಾಲಿಟ್ಟಳು. "ಚೆನ್ನಾಗಿದೆ ನೆಲ. ಬೇಸಿಗೇಲಿ ತಣ್ಣಗಿರುತ್ತೆ." ಕುರ್ಚಿಯಲ್ಲಿ ಕೂತು ಸೆರಗಿನ ಗಂಟು ಬಿಚ್ಚಿ, ನ್ಯಾಯಾಲಯದ ಮೊಹರಿದ್ದ ಹಳೆಯ ಲಕೋಟೆಯೊಂದನ್ನು ತೆಗೆದಳು. ಅದರಿಂದ ಎರಡು ರೂಪಾಯಿಯ ಒಂದು ನಾಣ್ಯ ಮಖಮಲ್ಲಿನ ಮೇಲೆ ಬಿತ್ತು. "ನಿಮ್ಮ ಚೀಟಿ ಬೇಕು. ಐನೂರು ತಂದಿದೀನಿ."

ನಿಶಾಕರನಿಗೆ ಅದನ್ನು ನೋಡಬೇಕಾಗಿರಲಿಲ್ಲ. ಅದು ಲಾಖಿ. ಒಂದು ನಾಣ್ಯ ಅಚ್ಚಾದ ಮೇಲೆ ಕೆಳಗೆ ಬೀಳದೆ ಯಂತ್ರಕ್ಕೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಮೈಯನ್ನು ಒತ್ತುವುದು ಆ ನಾಣ್ಯವೇ. ಆಗ ಒಂದು ಕಡೆ ಸಿಂಹ ಎಂದಿನಂತೆ ಉಬ್ಬಿರುತ್ತದೆ, ಇನ್ನೊಂದು ಕಡೆ ಅದೇ ಸಿಂಹ ಕನ್ನಡಿಯಲ್ಲಿ ಕಂಡಂತೆ ಮಗ್ಗುಲು ಬದಲಾಗಿ ತಗ್ಗಿನಲ್ಲಿ ಮೂಡಿರುತ್ತದೆ. ದೇಶದ ನಕ್ಷೆ ಇರಬೇಕಾದ ಮುಖವೇ ಇಲ್ಲ, ಅದರೊಂದಿಗೆ ಇಸವಿಯೂ ಇಲ್ಲ. ಮನೆಗೆ ಲಕ್ಷ ತರುತ್ತದೆಂದು ಮಾರ್ವಾಡಿಗಳು ಅದನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಾರೆ. ಆದರೆ ಗೋಷ್ಠ ಧಾಡಾನ ಮನೆಗೆ ಅದರಿಂದ ಬಂದದ್ದು ಪೊಲೀಸರು.

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮಾತು. ಟಂಕಸಾಲೆಯ ಪರೀಕ್ಷೆಯ ಬೆಂಚಿನಲ್ಲಿ ಗೋಷ್ಠ ಮತ್ತು ನಿಶಾಕರ ಅಕ್ಕಪಕ್ಕ ಕೂರುತ್ತಿದ್ದರು. ಓಡುವ ಪಟ್ಟಿಯ ಮೇಲೆ ಹೊಳೆಯಂತೆ ಹರಿದುಬರುವ ನಾಣ್ಯಗಳಲ್ಲಿ ಕೆಟ್ಟದ್ದನ್ನು ಹೇಗೆ ಹಿಡಿಯಬೇಕೆಂದು ನಿಶಾಕರನಿಗೆ ಕಲಿಸಿದವನೇ ಗೋಷ್ಠ. ಅಣ್ಣನೆಂದು ತಿಳಿದು ನಿಶಾಕರ ಅವನನ್ನು ಗೋಷ್ಠದಾ ಎನ್ನುತ್ತಿದ್ದ. ಕೆಲಸಕ್ಕೆ ಒಳಗೆ ಹೋಗುವಾಗ ಹತ್ತು ಪೈಸೆಯೂ ಜೇಬಿನಲ್ಲಿರಬಾರದು. ಗೇಟಿನಲ್ಲಿ ಚಿಲ್ಲರೆಯನ್ನೆಲ್ಲ ಬಿಟ್ಟು ಹಿತ್ತಾಳೆಯ ಬಿಲ್ಲೆ ಪಡೆದು ಒಳಗೆ ಹೋಗಬೇಕು, ಹೊರಗೆ ಬರುವಾಗ ಬನಿಯನ್ನಿನವರೆಗೆ ತಪಾಸಣೆ. ಇಂಥ ಕಡೆ ಆ ಆಷಾಢದಲ್ಲಿ ಗೋಷ್ಠನ ಎಲೆಯಡಿಕೆ ಡಬ್ಬಿಯೊಳಗೆ ಈ ಲಾಖಿ ಸಿಕ್ಕಿತು.

"ಮನೆಯಿಂದ ತಂದೆ ಸಾಹೇಬ್ರೆ," ಎಂದ ಗೋಷ್ಠ ವಿಚಾರಣೆಯಲ್ಲಿ. "ನನ್ನ ಹೆಂಡ್ತಿಗೆ ಮೀನಿನವಳು ಚಿಲ್ಲರೆ ಕೊಟ್ಟಿದ್ದು. ಲಕ್ಷ್ಮಿ ಪೂಜೆ ಬುಟ್ಟೀಲಿ ಇಟ್ಕೊಂಡಿದ್ಲು. ನಮ್ಮ ಬೆಂಚಿಂದ ತಪ್ಪಿಸ್ಕೊಂಡು ಹೋದ ಕಳ್ಳ ಇವನು ಅಂತ ನಿಶಾಗೆ ತೋರಿಸಿ ನಗೋಣ ಅಂತ ತಂದೆ. ಬೆಳಿಗ್ಗೆಯಿಂದ ಪುರಸೊತ್ತೇ ಆಗ್ಲಿಲ್ಲ."

"ಟಂಕಸಾಲೆಗೆ ಯಾರಾದ್ರೂ ನಾಣ್ಯ ತರ್ತಾರೇನ್ರಿ? ಗಂಗೆಗೆ ನೀರು ಹೊತ್ಕೊಂಡು ಬಂದ ಹಾಗಾಯ್ತು," ಎಂದ ವಿಚಾರಣೆಯ ಅಧಿಕಾರಿ. ಕೂತಿದ್ದವರೆಲ್ಲ ನಕ್ಕರು. ಆಮೇಲೆ ನಿಶಾಕರನನ್ನು ಕರೆದರು.

ಮೇಜಿನ ಮೇಲೆ ಬಿಳಿ ಕಾಗದ, ಅದರ ಮೇಲೆ ಲಾಖಿ, ತಗ್ಗಿನ ಸಿಂಹ ಮೇಲಾಗಿ. ಅಂಥ ನಾಣ್ಯ ಕೈಗೆ ಸಿಕ್ಕಿದವರೆಲ್ಲ ಆ ಸೋಜಿಗದ ಕಡೆಯನ್ನೇ ಮೇಲೆ ಮಾಡಿಡುತ್ತಾರೆ. ಸಾದಾ ಕಡೆಯಲ್ಲಿ ನೋಡಲು ಏನಿದೆ? ತಗ್ಗಿನ ಸಿಂಹದ ಕೇಸರವನ್ನು ಎಳೆ ಎಳೆಯಾಗಿ ಎಣಿಸಬಹುದಿತ್ತು. ನಾಣ್ಯ ಫಳಫಳ ಹೊಳೆಯುತ್ತಿತ್ತು. ದಿನವಿಡೀ ಹೊಸ ನಾಣ್ಯಗಳನ್ನೇ ನೋಡಿದ ಕಣ್ಣು ನಿಶಾಕರನದು. ಹೊಳೆದರೆ ಹೊಸದು, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಇಷ್ಟು ಹೇಳಿ ನಿಲ್ಲಿಸಿದರೆ ಅವನು ಬರೀ ದಡ್ಡನಾಗುತ್ತಾನೆ. ಆದರೆ ಆ ಹೊತ್ತಿಗೆ ಅವನ ತಲೆಯಲ್ಲಿ ಇನ್ನೆರಡು ಲೆಕ್ಕಗಳೂ ಓಡುತ್ತಿದ್ದವು. ಈ ನಾಣ್ಯ ನಿಜಕ್ಕೂ ಬಜಾರಿನಿಂದ ಬಂದದ್ದಾದರೆ ಅದು ತಮ್ಮ ಬೆಂಚಿನ ಕಣ್ಣು ತಪ್ಪಿಸಿ ಹೋದದ್ದು, ತಪ್ಪಿಗೆ ತಾನೂ ಪಾಲುದಾರ. ಎರಡನೆಯದು, ದುರ್ಗಾಪೂಜೆ ರಜೆಯ ಹೊತ್ತಿಗೆ ಹಿರಿಯ ಪರೀಕ್ಷಕನ ಜಾಗ ಖಾಲಿಯಾಗಲಿತ್ತು, ಆ ಸಾಲಿನಲ್ಲಿ ಗೋಷ್ಠ ಮೊದಲನೆಯವನು, ತಾನು ಎರಡನೆಯವನು.

"ತಿರುಗಿಸಿ ನೋಡು ನಿಶಾ," ಎಂದ ಗೋಷ್ಠ. "ಒಂದೇ ಸಲ, ಆ ಕಡೆ ತಿರುಗಿಸು."

"ನೀವು ಸುಮ್ನಿರ್ರಿ," ಎಂದ ಅಧಿಕಾರಿ.

ನಿಶಾಕರ ಕೈ ಚಾಚಲಿಲ್ಲ. "ಹೊಸದು ಸಾರ್. ಬಜಾರು ಕಂಡಿಲ್ಲ," ಎಂದ. ಬರೆದುಕೊಟ್ಟ, ಸಹಿ ಹಾಕಿದ.

ಗೋಷ್ಠನ ನೌಕರಿ ಹೋಯಿತು, ಹಿರಿಯ ಪರೀಕ್ಷಕನ ಜಾಗ ನಿಶಾಕರನಿಗೆ ಬಂತು. ಕಳ್ಳತನದ ಮೊಕದ್ದಮೆ ಏಳು ವರ್ಷ ನಡೆದು, ಸಾಕ್ಷಿ ಸಾಲದೆಂದು ನ್ಯಾಯಾಲಯ ಅವನನ್ನು ಬಿಟ್ಟಿತು, ನಾಣ್ಯವನ್ನೂ ಹಿಂದಿರುಗಿಸಿತು. ಆದರೆ ಹೋದ ನೌಕರಿ ಬರಲಿಲ್ಲ, ಪಿಂಚಣಿ ಬರಲಿಲ್ಲ, ಕಳ್ಳನೆಂಬ ಹೆಸರು ಹೋಗಲಿಲ್ಲ. ಅವನು ಸ್ಟೇಷನ್ನಿನ ಎರಡನೇ ಪ್ಲಾಟ್‌ಫಾರಂನಲ್ಲಿ ಬದನೆಕಾಯಿ ಬಜ್ಜಿ ಕರಿದು ಮಾರಿದ. ಎರಡು ಸಲ ನಿಶಾಕರನ ಮನೆಗೆ ಬಂದು, 'ಸಾಹೇಬರು ಇಲ್ಲ' ಎನ್ನಿಸಿಕೊಂಡು ಹೋದ. ಸಾಹೇಬರು ಒಳಗೆ ಮಂಚದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಆಮೇಲೆ ಎಷ್ಟೋ ವರ್ಷ ನಿಶಾಕರ ಆ ಬಜ್ಜಿಯ ಬಂಡಿಯೆದುರು ಹಾಯಬಾರದೆಂದು ಪ್ಲಾಟ್‌ಫಾರಂನ ಕೊನೆಯ ತನಕ ನಡೆದು ಕೊನೇ ಬೋಗಿ ಹತ್ತುತ್ತಿದ್ದ. ಕಾಲಿಗೆ ವ್ಯಾಯಾಮ ಎಂದು ಕೇಳಿದವರಿಗೆ ಹೇಳುತ್ತಿದ್ದ.

"ಏನು ನೋಡ್ತಾ ಇದೀರಿ? ಮೊದಲೇ ನೋಡಿದ್ದು ತಾನೇ," ಎಂದಳು ಅತಸಿ.

ನಿಶಾಕರ ಭೂತಗನ್ನಡಿ ಎತ್ತಿಕೊಂಡ. ಅದೇ ಕೇಸರ, ಎಳೆಯೂ ಮಾಸಿರಲಿಲ್ಲ. ಆದರೆ ಈ ಹತ್ತು ವರ್ಷದಲ್ಲಿ ಅವನು ಹೊಸದಾಗಿ ಒಂದು ಪಾಠ ಕಲಿತಿದ್ದ, ಕಲಿಯಲು ಬಂದವರಿಗೆಲ್ಲ ಅದನ್ನೇ ಹೇಳಿಕೊಡುತ್ತಿದ್ದ: ನಾಣ್ಯದಲ್ಲಿ ತಪ್ಪು ಕಂಡರೆ ಮೊದಲು ಅದರ ಬೆನ್ನು ನೋಡು. ಕಳ್ಳ ಲಾಖಿ ಮಾಡುವವರು ಎರಡು ನಾಣ್ಯಗಳನ್ನು ಜೋಡಿಸಿ ತಿರುಪಿನ ಇಕ್ಕಳದಲ್ಲಿ ಒತ್ತುತ್ತಾರೆ. ತಗ್ಗಿನ ಕಡೆ ಚೆನ್ನಾಗೇ ಬರುತ್ತದೆ, ಬೆನ್ನು ಚಪ್ಪಟೆಯಾಗಿ ಗುಟ್ಟು ಬಿಟ್ಟುಕೊಡುತ್ತದೆ. ಬೇರೆಯವರ ನಾಣ್ಯಗಳನ್ನು ಸಾವಿರ ಸಲ ಹೀಗೆ ತಿರುಗಿಸಿದ್ದ, ಇದೊಂದನ್ನು ಬಿಟ್ಟು.

ತಿರುಗಿಸಿದ.

ಉಬ್ಬಿದ ಸಿಂಹದ ಹಣೆ ಸವೆದಿತ್ತು. ಕೆನ್ನೆ ಸವೆದು ಮೂಗಿನ ಜೊತೆ ಒಂದಾಗಿತ್ತು. ತಗ್ಗಿನಲ್ಲಿ ಮಲಗಿದ ಸಿಂಹವನ್ನು ಯಾವ ಬೆರಳೂ ತಾಗುವುದಿಲ್ಲ, ಸುತ್ತಲಿನ ಲೋಹವೇ ಅದನ್ನು ಕಾಯುತ್ತದೆ. ಉಬ್ಬಿದ್ದಕ್ಕೆ ಆ ಭಾಗ್ಯವಿಲ್ಲ, ಮೀನಿನವಳ ಗೋಣಿಯಿಂದ ಹಿಡಿದು ರಿಕ್ಷಾದವನ ಜೇಬಿನ ತನಕ ಎಲ್ಲವೂ ಅದನ್ನು ಉಜ್ಜುತ್ತವೆ. ಮೈಮೇಲೆಲ್ಲ ಕೂದಲೆಳೆಯಂಥ ಗೀರುಗಳಿದ್ದವು. ಒಂದು ಅಕ್ಷರದ ಸಂದಿಯಲ್ಲಿ ಚಿಟಿಕೆಯಲ್ಲಿ ಚಿಟಿಕೆಯಷ್ಟು ಸಿಂಧೂರ ಕೂತಿತ್ತು. ಕಲಿಯಲು ಬಂದ ಮೊದಲ ದಿನದ ಹುಡುಗನೂ ಹೇಳಬಹುದಿತ್ತು, ಈ ನಾಣ್ಯ ಎರಡು ಮೂರು ವರ್ಷ ಬಜಾರು ತಿರುಗಿ, ಆಮೇಲೆ ಯಾವಳೋ ಗೃಹಿಣಿಯ ಕೈಯಲ್ಲಿ ತಿಕ್ಕಿಸಿಕೊಂಡಿದೆ ಎಂದು.

"ಹುಣಿಸೆಹಣ್ಣಾ?" ಎಂದ ನಿಶಾಕರ.

"ಹುಣಿಸೆಹಣ್ಣು, ಒಲೆ ಬೂದಿ. ಗುರುವಾರ ಗುರುವಾರ ಲಕ್ಷ್ಮಿ ಪೂಜೆಗೆ ಮುಂಚೆ. ಫಳಫಳ ಅನ್ಬೇಕು ನನಗೆ." ಅವಳು ಕಿಟಕಿಯ ಕಡೆ ನೋಡಿದಳು. "ಬೇಡ, ಲಕ್ಷ್ಮೀನ ಹೊಸ್ತಿಲು ದಾಟಿಸ್ಬೇಡಿ ಅಂದೆ. ಸಂಜೆ ವಾಪಸ್ ತರ್ತೀನಿ ಕಣೇ ಅಂದ್ರು. ಏಳು ವರ್ಷ ಆದ್ಮೇಲೆ ತಂದ್ರು."

ನಿಶಾಕರ ಅತ್ತ. ಎಪ್ಪತ್ತರ ಗಂಡಸು ಮೂಗಿನಿಂದ ನೀರಿಳಿಸಿಕೊಂಡು, ಭುಜ ಕುಣಿಸಿಕೊಂಡು ಅತ್ತ. ಸುಳ್ಳು ಅಳುವಲ್ಲ, ನಿಜವಾಗಿಯೇ ಅತ್ತ. ನಿಜವಾದ ಅಳುವಿಗೂ ಬೆಲೆಯಿಲ್ಲದ ಹೊತ್ತು ಒಂದಿರುತ್ತದೆ, ಅದು ಇದೇ.

"ನಾನು ಪಾಪಿ, ಬೌದಿ. ಗೋಷ್ಠದಾ ತಿರುಗಿಸು ಅಂದ. ನಾನು ತಿರುಗಿಸ್ಲಿಲ್ಲ."

"ಗೊತ್ತು. ಸಾಯೋ ತನಕ ಅದೊಂದೇ ಮಾತು. ಜ್ವರ ಬಂದಾಗ್ಲೂ ಅದೇ. ಬಜ್ಜಿ ಬಾಣಲೀಲಿ ತಿರುಗಿಸ್ತಾ ತಿರುಗಿಸ್ತಾ, ನೋಡು ಇಷ್ಟು ಸುಲಭ, ನಿಶಾಗೆ ಇಷ್ಟು ಮಾಡಕ್ಕಾಗ್ಲಿಲ್ಲ ಅನ್ನೋರು." ಅವಳು ಖಾಲಿ ಲಕೋಟೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ಅಳೋದು ಮುಗೀತಾ?"

ಅವನು ಕಣ್ಣೊರೆಸಿಕೊಂಡು ಚೀಟಿಯ ಪುಸ್ತಕ ಎಳೆದುಕೊಂಡ. ಒಂದು ಬಗೆಯ ಉತ್ಸಾಹವೇ ಬಂದುಬಿಟ್ಟಿತ್ತು. "ಈಗ್ಲೇ ಬರೆದುಕೊಡ್ತೀನಿ. ಈ ನಾಣ್ಯ ಬಜಾರು ಕಂಡಿದೆ, ಆವತ್ತು ನಾನು ಹೇಳಿದ್ದು ತಪ್ಪು, ಗೋಷ್ಠದಾ ಕಳ್ಳ ಅಲ್ಲ, ಎಲ್ಲ ಬರೀತೀನಿ. ಊರೆಲ್ಲ ಓದಲಿ. ಟಂಕಸಾಲೆಗೆ ಕೊಡಿ, ಪಿಂಚಣಿ..."

"ಅಲ್ಲಿಗೂ ಹೋಗಿ ಬಂದೆ. ಆ ಫೈಲು ಗೆದ್ದಲು ತಿಂದು ಎಷ್ಟೋ ವರ್ಷ ಆಯ್ತಂತೆ. ಸತ್ತವರ ಅರ್ಜಿ ತಗೊಳಲ್ವಂತೆ." ಅತಸಿ ಮುಂದಕ್ಕೆ ಬಾಗಿದಳು. "ನಾನು ಕೇಳೋದಕ್ಕೆ ಉತ್ತರ ಕೊಡಿ. ಬಜಾರು ಕಂಡಿದೆ ಅಂದ್ರೆ ಹರಾಜಲ್ಲಿ ಎಷ್ಟು ಬರುತ್ತೆ?"

"ಹದಿನೈದು ಸಾವಿರ ಬರಬಹುದು."

"ಕಂಡಿಲ್ಲ ಅಂದ್ರೆ?"

ಅವನು ಭೂತಗನ್ನಡಿಯ ಗಾಜು ಒರೆಸತೊಡಗಿದ.

"ತೊಂಬತ್ತು ಅಂದ ಕೋಲ್ಕತ್ತದವನು, ಫೋನಲ್ಲಿ. ಆಢ್ಯಬಾಬು ಚೀಟಿ ತನ್ನಿ ಸಾಕು, ಕಣ್ಣು ಮುಚ್ಚಿ ಕೊಡ್ತೀನಿ ಅಂದ." ಅವಳು ಬೆರಳು ಮಡಿಸಿದಳು. "ಪ್ಲಾಟ್‌ಫಾರಂ ಬಂಡಿಗಳನ್ನೆಲ್ಲ ರೈಲ್ವೆಯವರು ಎತ್ತಿಸಿದ್ರು. ಪುರಸಭೆ ಹೊಸ ಮಾರ್ಕೆಟ್ ಕಟ್ಟಿದೆ. ಒಂದು ಗೂಡಿಗೆ ಎಂಬತ್ತು ಸಾವಿರ ಸಲಾಮಿ ಮುಂಗಡ. ವೈಶಾಖದ ಮೊದಲ ದಿನ ಹೊಸ ವರ್ಷ, ಅದರೊಳಗೆ ಕಟ್ಟಿದ್ರೆ ಗೂಡು ನಂದು. ಇಲ್ಲಾಂದ್ರೆ ಬಾಣಲೆ ತಲೆ ಮೇಲೆ ಹೊತ್ಕೊಂಡು ಬೀದಿ ಬೀದಿ ಸುತ್ಬೇಕು. ಮೊಣಕಾಲು ಏಳಲ್ಲ. ಬಜಾರು ಕಂಡಿಲ್ಲ ಅಂತ ಬರೀರಿ."

"ಬೌದಿ! ಹಾಗೆ ಬರೆದ್ರೆ ಗೋಷ್ಠದಾ..."

"ಕಳ್ಳ. ಇಷ್ಟು ವರ್ಷ ಅದೇ ಆಗಿದ್ರು. ಇನ್ನೊಂದ್ಸಲ ಆಗ್ಲಿ. ಸತ್ತವರಿಗೆ ಹಸಿವಾಗಲ್ಲ."

"ಹತ್ತು ವರ್ಷದಿಂದ ಒಂದೂ ಸುಳ್ಳು ಚೀಟಿ ಬರೆದಿಲ್ಲ ನಾನು."

"ಅದಕ್ಕೆ ಮುಂಚೆ?"

ಅವನು ಪೆನ್ನು ಕೆಳಗಿಟ್ಟ. ಆಮೇಲೆ ಸಣ್ಣ ದನಿಯಲ್ಲಿ, "ಕೊಂಡವರು ತಿರುಗಿಸಿ ನೋಡಿದ್ರೆ ನನ್ನ ಹೆಸರು ಹೋಗುತ್ತೆ," ಎಂದ.

ಅತಸಿ ಮೊದಲ ಸಲ ನಕ್ಕಳು. "ನಿಮ್ಮ ಸಹಿ ಇದ್ದ ಮೇಲೆ ಯಾರು ತಿರುಗಿಸ್ತಾರೆ? ದೊಡ್ಡ ದೊಡ್ಡ ಅಧಿಕಾರಿಗಳೇ ತಿರುಗಿಸ್ಲಿಲ್ಲ. ಗಾಜಿನ ಡಬ್ಬೀಲಿ ತಗ್ಗಿನ ಸಿಂಹ ಮೇಲೆ ಮಾಡಿಟ್ಕೊಂಡು ನೆಂಟರಿಗೆ ತೋರಿಸ್ತಾರೆ. ಬರೀರಿ. ಆ ಸಲ ಆ ಸುಳ್ಳನ್ನ ನೀವು ಉಂಡ್ರಿ. ಈ ಸಲ ನಾನು ಉಣ್ತೀನಿ."

ಸತ್ಯ ಬರೆದರೆ ಈ ಮುದುಕಿ ಬೀದಿಗೆ, ಸುಳ್ಳು ಬರೆದರೆ ಸತ್ತವನು ಮತ್ತೊಮ್ಮೆ ಕಳ್ಳ. ಅತ್ತ ದರಿ, ಇತ್ತ ಪುಲಿ. ಅವನು ಪೆನ್ನು ಎತ್ತಿಕೊಂಡ, ಮತ್ತೆ ಇಟ್ಟ. ನಾಣ್ಯವನ್ನು ತೂಗಿದ, ಅಂಚು ಅಳೆದ. ಅಳೆಯುವ ಅಗತ್ಯವಿರಲಿಲ್ಲ, ಕೈಗೆ ಕೆಲಸ ಬೇಕಿತ್ತು. ಕೊನೆಗೆ ಬರೆದ: ಎರಡು ರೂಪಾಯಿ, ಲಾಖಿ, ಯಂತ್ರದ ತಪ್ಪು, ಅಸಲಿ. ಬಜಾರು ಕಂಡಿಲ್ಲ. ಕೆಳಗೆ ಸಹಿ ಹಾಕಿದ. ಅಕ್ಷರಗಳು ಹಿಂದಿನಷ್ಟೇ ದುಂಡಾಗಿ ಬಂದವು.

ಅತಸಿ ಚೀಟಿಯನ್ನು ಎರಡು ಸಲ ಓದಿದಳು, ನಾಣ್ಯದ ಜೊತೆ ಲಕೋಟೆಗೆ ಹಾಕಿದಳು, ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ರವಿಕೆಯೊಳಗಿಂದ ಐನೂರರ ನೋಟು ತೆಗೆದಳು. ನಿಶಾಕರ ಎರಡೂ ಕೈ ಎತ್ತಿದ.

"ಬೇಡ ಬೌದಿ, ಬೇಡ. ನಿಮ್ಮ ಹತ್ರ ತಗೋತೀನಾ? ನಾನು ಅಷ್ಟು ಕೆಟ್ಟವನಲ್ಲ."

ಅವಳು ಅವನನ್ನು ನೆಟ್ಟಗೆ ನೋಡಿದಳು. ನೋಟನ್ನು ಮಖಮಲ್ಲಿನ ಮೇಲಿಟ್ಟಳು.

"ಬರ್ತಾ ದಾರೀಲಿ ಒಂದು ಯೋಚನೆ ಮಾಡ್ಕೊಂಡು ಬಂದಿದ್ದೆ, ಆಢ್ಯಬಾಬು. ನಾನು ಹೀಗೆ ಕೇಳ್ತೀನಿ, ಇವನು ಒದ್ದಾಡ್ತಾನೆ, ಆಮೇಲೆ ಹೇಳ್ತಾನೆ, ಬೌದಿ, ಸುಳ್ಳು ಬರೆಯೋದು ಬೇಡ, ಕಮ್ಮಿ ಬೀಳೋ ಅರವತ್ತೈದು ಸಾವಿರ ನಾನು ಕೊಡ್ತೀನಿ, ಗೋಷ್ಠದಾ ಹೆಸರು ಉಳೀಲಿ ಅಂತ. ಹಾಗಂದಿದ್ರೆ ತಗೋತಿದ್ದೆ. ದೇವರಾಣೆ ತಗೋತಿದ್ದೆ, ನಾಚ್ಕೆ ಪಡ್ತಿರ್ಲಿಲ್ಲ. ಆ ಸತ್ಯದ ಚೀಟೀನ ಅವರ ಫೋಟೋ ಪಕ್ಕ ಕಟ್ಟು ಹಾಕಿಸಿ ಇಡ್ತಿದ್ದೆ." ಅವಳು ಚಪ್ಪಲಿ ಮೆಟ್ಟಿದಳು. "ಅಳು ಬಂತು, ಪಾಪ ಪುಣ್ಯ ಎಲ್ಲ ಬಂತು ನಿಮಗೆ. ಅದೊಂದು ಮಾತ್ರ ಬಾಯಿಗೆ ಬರ್ಲಿಲ್ಲ. ಮನಸ್ಸಿಗೂ ಬರ್ಲಿಲ್ಲ, ಅಲ್ವಾ?"

ಬರಲಿಲ್ಲ. ಅದೇ ನಿಜ. ಇಡೀ ಹೊತ್ತು ಅವನು ಗೋಷ್ಠನ ಬಗ್ಗೆ, ದೇವರ ಬಗ್ಗೆ, ತನ್ನ ಹೆಸರಿನ ಬಗ್ಗೆ ಯೋಚಿಸಿದ್ದ, ಬ್ಯಾಂಕಿನಲ್ಲಿದ್ದ ಒಂಬತ್ತು ಲಕ್ಷ ಒಮ್ಮೆಯೂ ನೆನಪಾಗಿರಲಿಲ್ಲ. ಈಗ ನೆನಪಾಯಿತು. ಅತಸಿ ಒಂದು ಮೊಣಕಾಲು ಎಳೆಯುತ್ತ ಮೆಟ್ಟಿಲಿಳಿದು ಅಂಗಳ ದಾಟುತ್ತಿದ್ದಳು. ಅಂಗಳ ದೊಡ್ಡದು, ಅವಳ ನಡಿಗೆ ನಿಧಾನ. ಗೇಟಿನ ಚಿಲಕ ಅವಳಿಗೆ ತೆಗೆಯಲು ಬರಲಿಲ್ಲ, ಎರಡು ಮೂರು ಸಲ ಅಲುಗಾಡಿಸಿದಳು. 'ಬೌದಿ, ನಿಲ್ಲಿ' ಎಂದು ಕರೆಯಲು ಬೇಕಾದಷ್ಟು ಹೊತ್ತಿತ್ತು. ನಿಶಾಕರ ಬಾಗಿಲಿನವರೆಗೆ ಬಂದ. ಬಾಯಿಯನ್ನೂ ತೆರೆದ. ಅರವತ್ತೈದು ಸಾವಿರ ಸಣ್ಣ ಮೊತ್ತವೇನಲ್ಲ ಎಂದು ಆ ಹೊತ್ತಿಗೆ ಅವನಿಗೆ ಅನ್ನಿಸಿತು. ಚಿಲಕ ಕಳಚಿತು, ಅವಳು ಹೋದಳು.